ಕೊನೆಯುಳ್ಳ ಆಟ

ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗದಲ್ಲಿ ಬ್ಯಾಂಕ್ ಅಧಿಕಾರಿಯೊಬ್ಬ ವಿಡಿಯೋ ಆಟದ ವಿಷಯವಾಗಿ ಬರೆಯುವುದು ಕೆಲವು ಬಾಂಧವರಿಗೆ ಸೋಜಿಗವೆನಿಸಬಹುದು. ನಾನು ವೈದ್ಯನಲ್ಲ, ವಾಣಿಜ್ಯಶಾಸ್ತ್ರದ ಪದವೀಧರ. ಆದರೆ ಕಳೆದ ವರ್ಷ ನನ್ನ ಮನೆಯಲ್ಲಿ ನಡೆದುದು ಈ ಪುಣೆ ನಗರದ ಅನೇಕ ಕನ್ನಡ ಮನೆಗಳಲ್ಲಿಯೂ ನಡೆಯುತ್ತಿರಬಹುದೆಂದು ತೋರಿದುದರಿಂದ ಈ ಸಾಹಸಕ್ಕೆ ಕೈಹಾಕಿದ್ದೇನೆ.

ಕಾಲೇಜಿನ ಮೊದಲ ವರ್ಷದಲ್ಲಿದ್ದ ನನ್ನ ಮಗ ರಾತ್ರಿ ಬಹುಹೊತ್ತು ಕಂಪ್ಯೂಟರಿನ ಮುಂದೆ ಕುಳಿತಿರುತ್ತಿದ್ದ. ಕರೆದರೆ ಉತ್ತರವಿಲ್ಲ, ಊಟಕ್ಕೆ ಹೊತ್ತಿಲ್ಲ. ಒಂದು ರಾತ್ರಿ ಸಿಟ್ಟಿನಿಂದ ಸ್ವಿಚ್ಚಿಗೆ ಕೈ ಹಾಕಿದೆ. ಅವನು ತಿರುಗಿ ಕೇಳಿದ್ದು ಒಂದೇ ಮಾತು: "ಅಪ್ಪಾ, ನಾನು ಏನು ಆಡ್ತಾ ಇದೀನಿ ಅಂತ ಒಂದು ಸಲನಾದ್ರೂ ನೋಡಿದೀರಾ?"

ನೋಡಿರಲಿಲ್ಲ. ಅರ್ಜಿಯನ್ನು ಓದದೆಯೇ ಸಾಲವನ್ನು ನಿರಾಕರಿಸುವ ಅಧಿಕಾರಿ ಕರ್ತವ್ಯಕ್ಕೆ ತಪ್ಪಿದವನು. ಮುಂದಿನ ಭಾನುವಾರ ಅವನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತೆ.

ಆಟದ ಕಥೆ

ಆಟದ ಹೆಸರು 'ಹಾಫ್-ಲೈಫ್'. ಅಮೆರಿಕದ ವಾಲ್ವ್ ಎಂಬ ಸಂಸ್ಥೆ ರಚಿಸಿದ ಇದು 1998ರ ನವೆಂಬರಿನಲ್ಲಿ ಬಿಡುಗಡೆಯಾಯಿತು. ಕಥಾನಾಯಕ ಗಾರ್ಡನ್ ಫ್ರೀಮನ್, 27 ವರ್ಷದ ಭೌತವಿಜ್ಞಾನಿ. ನ್ಯೂ ಮೆಕ್ಸಿಕೋ ಮರುಭೂಮಿಯಲ್ಲಿರುವ 'ಬ್ಲ್ಯಾಕ್ ಮೇಸಾ' ಎಂಬ ಕಾಲ್ಪನಿಕ ಸಂಶೋಧನಾ ಕೇಂದ್ರದಲ್ಲಿ ಅವನಿಗೆ ನೌಕರಿ. ನಮ್ಮೆಲ್ಲರಂತೆಯೇ ಅವನೂ ಒಂದು ಬೆಳಗ್ಗೆ ಟ್ರಾಮಿನಲ್ಲಿ ಕುಳಿತು ತಡವಾಗಿ ಕೆಲಸಕ್ಕೆ ಹೋಗುತ್ತಾನೆ. ಅಂದಿನ ಪ್ರಯೋಗ ಕೈಮೀರಿ, ಅನ್ಯಲೋಕದ ಜೀವಿಗಳು ಕೇಂದ್ರದೊಳಗೆ ನುಗ್ಗುತ್ತವೆ. ರಕ್ಷಣೆಗೆಂದು ಭಾವಿಸಿದ ಸೈನಿಕರು ರಹಸ್ಯ ಹೊರಬೀಳಬಾರದೆಂದು ವಿಜ್ಞಾನಿಗಳನ್ನೇ ಕೊಲ್ಲತೊಡಗುತ್ತಾರೆ. ಫ್ರೀಮನ್‌ಗೆ ಮೊದಲು ದೊರೆಯುವ ಆಯುಧ ಒಂದು ಗಿಡ್ಡ ಹಾರೆ.

ಇಲ್ಲಿನ ಸ್ವಾರಸ್ಯ ನಿರೂಪಣೆಯ ಕ್ರಮದಲ್ಲಿದೆ. ನಡುವೆ ಆಟವನ್ನು ನಿಲ್ಲಿಸಿ ಸಿನಿಮಾ ತೋರಿಸುವುದಿಲ್ಲ. ಆಡುವವನು ಮೊದಲಿನಿಂದ ಕೊನೆಯವರೆಗೆ ಫ್ರೀಮನ್‌ನ ಕಣ್ಣಿನಿಂದಲೇ ಎಲ್ಲವನ್ನೂ ಕಾಣುತ್ತಾನೆ. ಫ್ರೀಮನ್ ಒಂದು ಮಾತನ್ನೂ ಆಡುವುದಿಲ್ಲ. ನಡೆಯುವ ದಾರಿ ಬಹುಮಟ್ಟಿಗೆ ಒಂದೇ. ಕುಸಿದ ಮೆಟ್ಟಿಲು, ಬೀಗ ಹಾಕಿದ ಬಾಗಿಲು, ಕೆಟ್ಟುಹೋದ ಲಿಫ್ಟು ಇವೇ ಅವನನ್ನು ಸದ್ದಿಲ್ಲದೆ ಮುಂದಿನ ಘಟ್ಟಕ್ಕೆ ತಿರುಗಿಸುತ್ತವೆ. 1997ರಲ್ಲಿಯೇ ಬರಬೇಕಾಗಿದ್ದ ಆಟವನ್ನು ತೃಪ್ತಿಯಾಗದೆ ತಯಾರಕರು ಹೊಸದಾಗಿ ಕಟ್ಟಿದರು. ಹೊರಗಿನವರನ್ನು ಕರೆಸಿ ಆಡಿಸಿ, ಅವರು ಎಲ್ಲಿ ದಾರಿ ತಪ್ಪುತ್ತಾರೆ, ಎಲ್ಲಿ ಬೇಸರಪಡುತ್ತಾರೆ ಎಂಬುದನ್ನು ಗುರುತು ಹಾಕಿಕೊಂಡು ತಿದ್ದಿದರು.

ಮುದ್ದತಿನ ಪ್ರಶ್ನೆ

ಈ ಆಟಕ್ಕೆ ಅಧ್ಯಾಯಗಳಿವೆ. ಪ್ರತಿ ಅಧ್ಯಾಯ ಆರಂಭವಾದಾಗ ಅದರ ಹೆಸರು ಪರದೆಯ ಮೇಲೆ ಮೂಡುತ್ತದೆ. ಆಡಿದಷ್ಟನ್ನು ಸೇವ್ ಮಾಡಿಟ್ಟು ನಾಳೆ ಅಲ್ಲಿಂದಲೇ ಮುಂದುವರಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಸುಮಾರು ಹನ್ನೆರಡು ಗಂಟೆಗಳ ಆಟದ ನಂತರ ಕಥೆ ಮುಗಿಯುತ್ತದೆ. ನನ್ನ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ ಇದು ಮುದ್ದತು ಠೇವಣಿ; ಎಂದು ಪಕ್ವವಾಗುವುದೆಂಬುದು ಮೊದಲೇ ತಿಳಿದಿರುತ್ತದೆ. ಮೊಬೈಲಿನಲ್ಲಿರುವ ಅನೇಕ ಆಟಗಳು ಹಾಗಲ್ಲ. ದಿನಕ್ಕೊಂದು ಬಹುಮಾನ ತೋರಿಸಿ ಪ್ರತಿದಿನ ಕರೆಯುತ್ತವೆ. ಅವುಗಳಿಗೆ ಕೊನೆಯ ಅಧ್ಯಾಯವೆಂಬುದೇ ಇಲ್ಲ. ತಿಂಗಳು ತಿಂಗಳೂ ಕನಿಷ್ಠ ಮೊತ್ತವನ್ನಷ್ಟೇ ಕಟ್ಟುವ ಕ್ರೆಡಿಟ್ ಕಾರ್ಡಿನ ಸಾಲದಂತೆ ಅವು ಬೆಳೆಯುತ್ತಲೇ ಇರುತ್ತವೆ. ಆದುದರಿಂದ "ಎಷ್ಟು ಹೊತ್ತು ಆಡುತ್ತೀ?" ಎಂದು ಗದರಿಸುವ ಮುನ್ನ "ಇದಕ್ಕೆ ಕೊನೆ ಇದೆಯೇ? ನಿಲ್ಲಿಸಲು ಒಳ್ಳೆಯ ಜಾಗ ಯಾವುದು?" ಎಂದು ಹಿರಿಯರು ಕೇಳುವುದು ಉಚಿತ.

ಹಾಗೆಂದು ಕಥೆಯುಳ್ಳ ಆಟ ನಿರಪಾಯವೆಂದಲ್ಲ. ಒಳ್ಳೆಯ ಕಾದಂಬರಿಯಂತೆ ಅದೂ "ಇನ್ನೊಂದೇ ಅಧ್ಯಾಯ" ಎಂದು ಎಳೆಯುತ್ತದೆ. ಅದರಲ್ಲಿ ರಕ್ತಪಾತವೂ ಇದೆ. ಅಮೆರಿಕದಲ್ಲಿ ಇದಕ್ಕೆ 17 ವರ್ಷ ಮೀರಿದವರಿಗೆಂಬ ವರ್ಗೀಕರಣ ನೀಡಲಾಗಿದೆ. ಚಿಕ್ಕ ಮಕ್ಕಳಿಗೆ ಇದು ತಕ್ಕುದಲ್ಲ.

ದೇಹದ ಲೆಕ್ಕ

ಅಂದು ನಾನೂ ಆಡಿದೆ. ಇಪ್ಪತ್ತು ನಿಮಿಷಗಳಲ್ಲಿ ತಲೆ ಸುತ್ತಿ ಹೊಟ್ಟೆ ತೊಳೆಸಿತು. ಘಾಟಿಯ ಬಸ್ಸಿನಲ್ಲಿ ಆಗುವುದಕ್ಕೆ ಇದು ತಿರುವುಮುರುವು. ಅಲ್ಲಿ ದೇಹ ಓಲಾಡುತ್ತದೆ, ಎದುರಿನ ಸೀಟನ್ನು ನೋಡುವ ಕಣ್ಣಿಗೆ ಚಲನೆ ಕಾಣದು. ಇಲ್ಲಿ ಕಣ್ಣು "ಓಡುತ್ತಿದ್ದೇನೆ" ಎನ್ನುತ್ತದೆ, ಒಳಕಿವಿಯ ಸಮತೋಲನಾಂಗ "ಕುಳಿತಿದ್ದೇನೆ" ಎನ್ನುತ್ತದೆ. ಈ ವಿರೋಧವೇ ವಾಕರಿಕೆಗೆ ಕಾರಣವೆಂದು ತಜ್ಞರು ವಿವರಿಸುತ್ತಾರೆ. ಲಕ್ಷಣ ಕಂಡೊಡನೆ ನಿಲ್ಲಿಸಬೇಕು, ಹಠದಿಂದ ಮುಂದುವರಿಸಬಾರದು. ಕೋಣೆಯಲ್ಲಿ ದೀಪವಿರಲಿ, ಪರದೆಯಿಂದ ತುಸು ದೂರ ಕುಳಿತುಕೊಳ್ಳಿ.

ಪರದೆಯನ್ನು ದಿಟ್ಟಿಸುವಾಗ ನಾವು ರೆಪ್ಪೆ ಮಿಟುಕಿಸುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವುದು ಸುಲಭವಾದ ರೂಢಿ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ಕಾಳಗದ ಉದ್ವೇಗವಿರುವಾಗ ನಿದ್ರೆ ಸುಲಭವಾಗಿ ಬಾರದು; ಮಲಗುವುದಕ್ಕೆ ಒಂದು ಗಂಟೆ ಮುಂಚೆಯೇ ಆಟ ಮುಗಿಯಲಿ.

ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹನ್ನೊಂದನೆಯ ಪರಿಷ್ಕರಣವು 2022ರಲ್ಲಿ ಜಾರಿಗೆ ಬಂದಿತು. ಅದರಲ್ಲಿ ಆಟದ ವ್ಯಸನಕ್ಕೂ ಸ್ಥಾನವಿದೆ. ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಹಾನಿ ಕಂಡರೂ ಬಿಡಲಾಗದಿರುವುದು ಇದರ ಲಕ್ಷಣಗಳು. ಇವು ಸಾಮಾನ್ಯವಾಗಿ ಹನ್ನೆರಡು ತಿಂಗಳ ಕಾಲ ಕಂಡುಬಂದಿರಬೇಕು. ಒಂದು ವಾರ ತಡವಾಗಿ ಮಲಗಿದವನೆಲ್ಲ ವ್ಯಸನಿಯಲ್ಲ. ಆದರೆ ಈ ಲಕ್ಷಣಗಳು ಕಂಡರೆ ಮುಚ್ಚಿಡದೆ ವೈದ್ಯರನ್ನು ಕಾಣಬೇಕು.

ಆಟದಲ್ಲಿ ಫ್ರೀಮನ್‌ನ ಆರೋಗ್ಯ ಪರದೆಯ ಮೂಲೆಯಲ್ಲಿ 100 ಎಂಬ ಅಂಕಿಯಾಗಿ ಕಾಣುತ್ತದೆ. ಪೆಟ್ಟು ಬಿದ್ದಂತೆಲ್ಲ ಅಂಕಿ ಇಳಿಯುತ್ತದೆ. ಗೋಡೆಯ ಮೇಲಿನ ಔಷಧ ಪೆಟ್ಟಿಗೆಯನ್ನು ಬಳಸಿದರೆ ಮತ್ತೆ ಏರುತ್ತದೆ. ನಮ್ಮ ಮಕ್ಕಳ ದೇಹಕ್ಕೆ ಅಂತಹ ಅಂಕಿಯಿಲ್ಲ. ಅದನ್ನು ಪಕ್ಕದಲ್ಲಿ ಕುಳಿತವರೇ ಓದಿಕೊಳ್ಳಬೇಕು.

ಪ್ರತಿ ಭಾನುವಾರ ಒಂದು ಅಥವಾ ಎರಡು ಅಧ್ಯಾಯವೆಂದು ತಂದೆ-ಮಗ ಒಪ್ಪಂದ ಮಾಡಿಕೊಂಡೆವು. ಅವನು ಆಡುತ್ತಾ ನನಗೆ ಕಥೆ ಹೇಳಿದ. ಮನೆಯಲ್ಲಿಯೂ ಹಿಂದಿ, ಇಂಗ್ಲಿಷುಗಳನ್ನೇ ಆಡುತ್ತಿದ್ದ ಹುಡುಗ, ನನಗೆ ಅರ್ಥವಾಗಲೆಂದು ಅಷ್ಟೂ ಹೊತ್ತು ತಡವರಿಸುತ್ತ ಕನ್ನಡದಲ್ಲಿ ಹೇಳಿದ. 'ಹಾಫ್-ಲೈಫ್' ಎಂದರೆ ವಿಕಿರಣ ವಸ್ತುವಿನ ಪರಮಾಣುಗಳಲ್ಲಿ ಅರ್ಧದಷ್ಟು ಕ್ಷಯಿಸಲು ಬೇಕಾಗುವ ಕಾಲ ಎಂದು ವಿವರಿಸಿದಾಗ, ನಾನು ಅವನಿಗೆ 'ಅರ್ಧಾಯು' ಎಂಬ ಶಬ್ದವನ್ನು ಕೊಟ್ಟೆ. ಅದನ್ನು ಎರಡು ಬಾರಿ ಉಚ್ಚರಿಸಿ ನೋಡಿದ. ಮೂರು ತಿಂಗಳಲ್ಲಿ ಕಥೆ ಮುಗಿಯಿತು. ಕಂಪ್ಯೂಟರನ್ನು ಅವನೇ ಆರಿಸಿದ. ಇಬ್ಬರೂ ಊಟಕ್ಕೆ ಎದ್ದೆವು.