ಮಕ್ಕಳ ಮನಸ್ಸಿನ ಕಾಯಿಲೆಗೆ ಬೆಂಗಳೂರೇ ಆಗಬೇಕೆಂದಿಲ್ಲ

"ತಲೆಗೆ ಸಂಬಂಧಪಟ್ಟದ್ದು ಅಲ್ವಾ, ಬೆಂಗಳೂರಿಗೇ ಹೋಗ್ಬೇಕಷ್ಟೆ."

ಹಳ್ಳಿಯ ಯಾವುದಾದರೂ ಮನೆಯ ಹುಡುಗನಿಗೋ ಹುಡುಗಿಗೋ ಮನಸ್ಸಿನ ತೊಂದರೆ ಶುರುವಾದರೆ ಮೊದಲು ಕೇಳಿಬರುವ ಮಾತು ಇದು. ಬೆಂಗಳೂರು ಅಂದರೆ ಕಡಿಮೆಯೆಂದರೂ ಎರಡು ದಿನದ ಕೆಲಸ. ಬಸ್ಸಿನ ಖರ್ಚು, ಊಟದ ಖರ್ಚು. ಹಾಲು ಕರೆಯಲು, ತೋಟಕ್ಕೆ ನೀರು ಬಿಡಲು ಇನ್ನೊಬ್ಬರನ್ನು ಹುಡುಕಬೇಕು. "ಕೊಯ್ಲು ಒಂದು ಮುಗಿಯಲಿ, ನೋಡುವಾ" ಎಂದು ಮುಂದೆ ಹಾಕುತ್ತೇವೆ. ಕೊಯ್ಲು ಮುಗಿದರೆ ಇನ್ನೊಂದು ಕೆಲಸ ಬರುತ್ತದೆ. ಮಗುವಿನ ಕಷ್ಟ ಹಾಗೇ ಉಳಿಯುತ್ತದೆ.

ನಿಜವಾಗಿ ಮೊದಲ ಚಿಕಿತ್ಸೆ ತಾಲೂಕಿನಲ್ಲೇ ಉಂಟು. ಬೆಂಗಳೂರು ಬೇಕಾಗುವುದು ಕೆಲವರಿಗೆ ಮಾತ್ರ, ಅದೂ ಆಮೇಲೆ.

ಬಳ್ಳಾರಿಯ ಪ್ರಯೋಗ

1985ರಲ್ಲಿ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗಕ್ಕೆ ಕೈಹಾಕಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ಮನಸ್ಸಿನ ಕಾಯಿಲೆ ಮತ್ತು ಮೂರ್ಛೆರೋಗ ಗುರುತಿಸುವ ತರಬೇತಿ ಕೊಟ್ಟರು. ಅಗತ್ಯದ ಕೆಲವೇ ಮದ್ದುಗಳನ್ನು ಅಲ್ಲಲ್ಲೇ ಸಿಗುವಂತೆ ಮಾಡಿದರು. ಕಠಿಣ ಪ್ರಕರಣ ನೋಡಲು ಜಿಲ್ಲಾ ಕೇಂದ್ರದಲ್ಲಿ ಒಂದು ತಂಡ. ಅಷ್ಟೆ. ದೊಡ್ಡ ಕಟ್ಟಡ ಕಟ್ಟಲಿಲ್ಲ. ಕೆಲಸ ಆಯಿತು. 1996ರಲ್ಲಿ ಇದೇ ಮಾದರಿ ಕೇಂದ್ರ ಸರಕಾರದ 'ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ'ವಾಯಿತು. ಈಗ ಅದು ನಮ್ಮ ರಾಜ್ಯದ ಎಲ್ಲ ಜಿಲ್ಲೆಗಳಲ್ಲೂ ಉಂಟು.

ಎಲ್ಲಿಗೆ ಹೋಗುವುದು?

ತಾಲೂಕು ಆಸ್ಪತ್ರೆ: 2014ರಲ್ಲಿ ರಾಜ್ಯದಲ್ಲಿ 'ಮನೋಚೈತನ್ಯ' ಶುರುವಾಯಿತು. ಮಂಗಳವಾರಗಳಲ್ಲಿ ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬರುವ ಏರ್ಪಾಡು ಇದು. ನಿಮ್ಮ ತಾಲೂಕಿನ ಸರದಿ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿಕೊಂಡೇ ಹೊರಡಿ. ಸುಮ್ಮನೆ ಒಂದು ದಿನ ಹಾಳಾಗುವುದು ಬೇಡ.

ಶಾಲೆ, ಅಂಗನವಾಡಿ: ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರಕಾರಿ ಶಾಲೆಗೆ ಒಂದು ಸಲ ಬರಬೇಕು. ಮಾತು ತಡವಾದದ್ದು, ಕಲಿಕೆಯ ತೊಂದರೆ ಇವನ್ನೂ ಅವರು ನೋಡುತ್ತಾರೆ. ಬೇಕಾದರೆ ಜಿಲ್ಲಾ ಮಟ್ಟದ ಕೇಂದ್ರಕ್ಕೆ ಚೀಟಿ ಕೊಡುತ್ತಾರೆ. ಅವರು ಬರುವ ದಿನ ಮಗುವನ್ನು ರಜೆ ಹಾಕಿಸಬೇಡಿ.

ಫೋನು: 14416. ಇದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ದಿನದ 24 ಗಂಟೆಯೂ ಕನ್ನಡದಲ್ಲೇ ಮಾತಾಡಬಹುದು. ದುಡ್ಡಿಲ್ಲ. ಮೊದಲು ಸಲಹೆಗಾರರು ಮಾತಾಡುತ್ತಾರೆ, ಅಗತ್ಯ ಬಿದ್ದರೆ ತಜ್ಞರಿಗೆ ಒಪ್ಪಿಸುತ್ತಾರೆ. ಮಕ್ಕಳೂ ಮಾಡಬಹುದು, ಅಪ್ಪ ಅಮ್ಮಂದಿರೂ ಮಾಡಬಹುದು.

ಇಲ್ಲಿಗೆ ಬಗೆಹರಿಯದಿದ್ದರೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇದ್ದೇ ಇವೆ. ನಿಮ್ಹಾನ್ಸಿನಲ್ಲಿ ಮಕ್ಕಳಿಗೇ ಬೇರೆ ವಿಭಾಗ ಉಂಟು.

ಏನನ್ನು ಗಮನಿಸಬೇಕು?

ಚಿಕ್ಕ ಮಗು ಹೆಸರು ಕರೆದರೆ ತಿರುಗುವುದಿಲ್ಲ, ಕಣ್ಣು ಕೊಟ್ಟು ನೋಡುವುದಿಲ್ಲ, ಎರಡು ವರ್ಷವಾದರೂ ಎರಡು ಶಬ್ದ ಜೋಡಿಸುವುದಿಲ್ಲ ಎಂದಾದರೆ ಕಾಯಬೇಡಿ. ಚುರುಕಿನ ಹುಡುಗನಿಗೆ ಓದಲು, ಬರೆಯಲು ಮಾತ್ರ ಆಗುವುದೇ ಇಲ್ಲವಾದರೆ ಅದು ಸೋಮಾರಿತನ ಆಗಿರಬೇಕೆಂದಿಲ್ಲ. ಕಲಿಕಾ ನ್ಯೂನತೆ 2016ರ ಅಂಗವಿಕಲರ ಹಕ್ಕು ಕಾಯ್ದೆಯಲ್ಲಿ ಸೇರಿದೆ. ಪ್ರಮಾಣಪತ್ರ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಸಿಗುತ್ತದೆ.

ದೊಡ್ಡ ಮಕ್ಕಳಲ್ಲಿ ನಿದ್ದೆ ಕೆಟ್ಟದ್ದು, ಊಟ ಬಿಟ್ಟದ್ದು, ಗೆಳೆಯರನ್ನು ದೂರ ಮಾಡಿದ್ದು, ಒಬ್ಬರೇ ಮಾತಾಡುವುದು, ಇಲ್ಲದ ಧ್ವನಿ ಕೇಳುವುದು ಇವು ಗುರುತು. ಎರಡು ವಾರ ಕಳೆದರೂ ಹಾಗೇ ಇದ್ದರೆ ತೋರಿಸಬೇಕು. "ಬದುಕಿ ಏನು ಪ್ರಯೋಜನ" ಎಂಬ ಮಾತು ಬಂದರೆ ಎರಡು ವಾರವೂ ಬೇಡ, ಅದೇ ದಿನ ಹೊರಡಿ. "ಸಾಯುವ ಯೋಚನೆ ಬರುತ್ತದಾ?" ಎಂದು ನೇರವಾಗಿ ಕೇಳಬಹುದು. ಕೇಳಿದರೆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ.

ಹರಕೆ, ಪೂಜೆ ಬಿಡಿ ಎಂದಲ್ಲ. ಹರಕೆಯೂ ಇರಲಿ, ಮಾತ್ರೆಯೂ ಇರಲಿ. ಆದರೆ ಒಂದು ತಿಂಗಳಲ್ಲಿ ಹುಷಾರಾಯಿತೆಂದು ನಾವಾಗಿ ಮಾತ್ರೆ ನಿಲ್ಲಿಸಬಾರದು. ಕಾಯಿಲೆ ಮರುಕಳಿಸುವುದು ಹೆಚ್ಚಾಗಿ ಹೀಗೆಯೇ.

ಕೀಟನಾಶಕದ ಕಪಾಟು

ಇದು ರೈತರ ಮನೆಗೇ ಸಂಬಂಧಪಟ್ಟದ್ದು. ನಮ್ಮ ದೇಶದಲ್ಲಿ 15ರಿಂದ 29 ವರ್ಷದವರ ಸಾವಿಗೆ ಆತ್ಮಹತ್ಯೆ ಒಂದು ಮುಖ್ಯ ಕಾರಣ. ಹಳ್ಳಿಗಳಲ್ಲಿ ಸುಲಭಕ್ಕೆ ಕೈಗೆ ಸಿಗುವುದು ಸಿಂಪಡಣೆಯ ವಿಷ. ಬಹಳ ಸಲ ಅದು ಒಂದು ಗಳಿಗೆಯ ಸಿಟ್ಟು, ಸಂಕಟ. ಆ ಗಳಿಗೆ ದಾಟಿದರೆ ಜೀವ ಉಳಿಯುತ್ತದೆ. ಹಾಗಾಗಿ ಬೇಕಾದಷ್ಟೇ ತನ್ನಿ, ಉಳಿದದ್ದನ್ನು ಬೀಗ ಹಾಕಿ ಇಡಿ, ಬೀಗದಕೈ ಒಬ್ಬರ ಹತ್ತಿರವೇ ಇರಲಿ. ತಮಿಳುನಾಡಿನ ಕಾಟ್ಟುಮನ್ನಾರ್‌ಕೋಯಿಲ್ ಬಳಿಯ ಎರಡು ಹಳ್ಳಿಗಳಲ್ಲಿ ಎಲ್ಲರ ಕೀಟನಾಶಕವನ್ನೂ ಒಂದೇ ಕಟ್ಟಡದಲ್ಲಿ ಬೀಗದೊಳಗೆ ಇಡುವ ಪ್ರಯೋಗ ಮಾಡಿದ್ದರು. ನಮ್ಮ ಸಹಕಾರ ಸಂಘಗಳೂ ಯೋಚಿಸಬಹುದು.

ಅನಾಹುತ ನಡೆದರೆ "ಪೊಲೀಸ್ ಕೇಸಾಗುತ್ತದೆ" ಎಂದು ಹೆದರಿ ಆಸ್ಪತ್ರೆಗೆ ತಡಮಾಡಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಅಂಥವರು ತೀವ್ರ ಒತ್ತಡದಲ್ಲಿದ್ದವರು, ಅವರಿಗೆ ಆರೈಕೆ ಕೊಡುವುದು ಸರಕಾರದ ಹೊಣೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಿಂದಿನ 309ನೇ ಕಲಮು ಇಲ್ಲ. ಅದೇ 2017ರ ಕಾಯ್ದೆ ಕಾಯಿಲೆಯವರನ್ನು ಸರಪಳಿಯಲ್ಲಿ ಕಟ್ಟುವುದನ್ನೂ ನಿಷೇಧಿಸಿದೆ.

ಕೊರತೆಗಳೂ ಉಂಟು

ಎಲ್ಲ ಸರಿಯಿದೆ ಎಂದು ಹೇಳುವ ಹಾಗಿಲ್ಲ. ಮಕ್ಕಳ ಮನೋವೈದ್ಯರು ಬಹಳ ಕಡಿಮೆ. ಜನ ಜಾಸ್ತಿ ಇದ್ದ ದಿನ ಐದು ನಿಮಿಷವೂ ಸಿಗಲಿಕ್ಕಿಲ್ಲ. ಮದ್ದು ಮುಗಿದಿದೆ ಎಂಬ ಉತ್ತರವೂ ಬಂದೀತು. ಮಗುವಿನ ತೊಂದರೆ ಯಾವಾಗಿನಿಂದ, ಹೇಗೆ ಎಂದು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರೆ ಆ ಐದು ನಿಮಿಷ ಸಾರ್ಥಕ. ಮಾತ್ರೆ ಮುಗಿಯುವ ವಾರದ ಮೊದಲೇ ವಿಚಾರಿಸಿ.

ಹಾಗೆಯೇ ಗ್ರಾಮಸಭೆಯಲ್ಲಿ ರಸ್ತೆ, ನೀರಿನ ಜತೆ ಇದನ್ನೂ ಕೇಳಬೇಕು: ಮನೋವೈದ್ಯರು ಯಾವ ಮಂಗಳವಾರ ಬರುತ್ತಾರೆ, ಮದ್ದು ಉಂಟೋ ಇಲ್ಲವೋ. ಉತ್ತರವನ್ನು ಹಾಲಿನ ಡೇರಿಯ ಬೋರ್ಡಿನಲ್ಲಿ ಬರೆದು ಹಾಕಿದರೆ ಸಾಕು, ಹೇಳಿಕೊಳ್ಳಲು ನಾಚುವವರಿಗೂ ಗೊತ್ತಾಗುತ್ತದೆ.