ಮೂರನೇ ದರ್ಜೆಗೆ ಮೆತ್ತೆ ಬಂದ ಬಗೆ

1841ರ ಡಿಸೆಂಬರ್ 24ರ ನಸುಕು. ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ಬ್ರಿಸ್ಟಲ್ ಕಡೆಗೆ ಹೊರಟ ಗೂಡ್ಸ್ ರೈಲಿನಲ್ಲಿ ಒಂದಿಷ್ಟು ಪ್ರಯಾಣಿಕರೂ ಇದ್ದರು. ಹೆಚ್ಚಿನವರು ಬ್ರಿಟನ್ನಿನ ಹೊಸ ಸಂಸತ್ ಭವನ ಕಟ್ಟುತ್ತಿದ್ದ ಕಲ್ಲುಕುಟಿಗರು. ಕ್ರಿಸ್‌ಮಸ್‌ಗೆಂದು ಊರಿಗೆ ಹೊರಟವರು. ಅವರು ಕೂತಿದ್ದ ಮೂರನೇ ದರ್ಜೆಯ ಡಬ್ಬಿಗಳಿಗೆ ಚಾವಣಿ ಇರಲಿಲ್ಲ. ಪಕ್ಕದ ಹಲಗೆಗಳ ಎತ್ತರ ಎರಡೇ ಅಡಿ. ರೆಡಿಂಗ್ ಪಟ್ಟಣದ ಬಳಿಯ ಸಾನಿಂಗ್ ಎಂಬಲ್ಲಿ ಮಳೆಗೆ ಗುಡ್ಡ ಕುಸಿದು ಹಳಿಯ ಮೇಲೆ ಬಿದ್ದಿತ್ತು. ಎಂಜಿನ್ ಆ ಮಣ್ಣಿಗೆ ಗುದ್ದಿ ನಿಂತಿತು. ಹಿಂದಿದ್ದ ಸರಕಿನ ಡಬ್ಬಿಗಳು ಮುನ್ನುಗ್ಗಿದವು. ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು.

ಬ್ರಿಟನ್ನಿನ ಹಳೆಯ ರೈಲು ಡಬ್ಬಿಗಳಲ್ಲಿ ಯಾವುದು ಹೆಚ್ಚು ಸುಖಕರ ಎಂಬ ಚರ್ಚೆ ರೈಲುಪ್ರಿಯರಲ್ಲಿ ಮುಗಿಯುವುದೇ ಇಲ್ಲ. ಆದರೆ ಯಾರಿಗೆ ಸುಖಕರ ಎಂದು ಕೇಳಿದರೆ ಈ ಕಥೆಗೆ ಬೇರೆಯೇ ರೂಪ ಬರುತ್ತದೆ.

ಸಾರೋಟಿನ ಮಕ್ಕಳು

1830ರಲ್ಲಿ ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ನಡುವೆ ರೈಲು ಓಡತೊಡಗಿದಾಗ ಡಬ್ಬಿ ಹೇಗಿರಬೇಕೆಂದು ಯಾರಿಗೂ ತಿಳಿದಿರಲಿಲ್ಲ. ಕುದುರೆ ಸಾರೋಟು ಮಾತ್ರ ಗೊತ್ತಿತ್ತು. ಹಾಗಾಗಿ ಮೂರು ಸಾರೋಟುಗಳ ಒಡಲನ್ನು ಒಂದೇ ಚೌಕಟ್ಟಿನ ಮೇಲೆ ಕೂರಿಸಿದಂತೆ ಮೊದಲ ದರ್ಜೆಯ ಡಬ್ಬಿ ತಯಾರಾಯಿತು. ಮೂರು ಕೋಣೆ, ಪ್ರತಿ ಕೋಣೆಗೂ ಪ್ರತ್ಯೇಕ ಬಾಗಿಲು, ಒಳಗೆ ಮೆತ್ತೆ. ಕಡಿಮೆ ಹಣ ಕೊಟ್ಟವರಿಗೆ ಗಾಳಿ, ಮಳೆ, ಎಂಜಿನ್ನಿನ ಕಿಡಿ ಎಲ್ಲವೂ ಉಚಿತ!

ಸಾನಿಂಗ್ ದುರಂತದ ನಂತರ ಸರ್ಕಾರ ಸುಮ್ಮನಿರಲಾಗಲಿಲ್ಲ. ಮುಂದೆ ಪ್ರಧಾನಿಯಾದ ವಿಲಿಯಂ ಗ್ಲಾಡ್‌ಸ್ಟನ್ ಅವರ ಮುತುವರ್ಜಿಯಿಂದ 1844ರಲ್ಲಿ ಕಾಯಿದೆ ಬಂತು. ದಿನಕ್ಕೆ ಒಂದಾದರೂ ರೈಲಿನಲ್ಲಿ ಮೂರನೇ ದರ್ಜೆ ಇರಬೇಕು, ಮೈಲಿಗೆ ಒಂದು ಪೆನ್ನಿಗಿಂತ ಹೆಚ್ಚು ದರ ಕೂಡದು, ವೇಗ ಗಂಟೆಗೆ 12 ಮೈಲಿಗೆ ಇಳಿಯಬಾರದು, ಡಬ್ಬಿಗೆ ಚಾವಣಿ ಮತ್ತು ಆಸನ ಇರಲೇಬೇಕು. ಬಡವನ ತಲೆಯ ಮೇಲೆ ಸೂರು ಬಂದದ್ದು ಕಂಪನಿಗಳ ಔದಾರ್ಯದಿಂದಲ್ಲ, ಕಾನೂನಿನ ಒತ್ತಾಯದಿಂದ.

ಕೋಣೆಯ ಸುಖ, ಕೋಣೆಯ ಭಯ

ಸಾರೋಟಿನಿಂದ ಬಂದ ಬಿಡಿ ಕೋಣೆಗಳ ವಿನ್ಯಾಸ ಬ್ರಿಟಿಷರಿಗೆ ಬಹಳ ಹಿಡಿಸಿತು. ಬಾಗಿಲು ಹಾಕಿಕೊಂಡರೆ ಅಪರಿಚಿತರ ಗೊಡವೆ ಇಲ್ಲ. ಆದರೆ ರೈಲು ಹೊರಟ ಮೇಲೆ ಮುಂದಿನ ನಿಲ್ದಾಣದವರೆಗೆ ಹೊರಬರುವ ದಾರಿಯೂ ಇಲ್ಲ. ಶೌಚಾಲಯದ ಮಾತಂತೂ ದೂರವೇ ಉಳಿಯಿತು. ಚಳಿಗೆ ಬಿಸಿನೀರು ತುಂಬಿದ ತಗಡಿನ ಡಬ್ಬ ಕಾಲಡಿಗೆ ಬರುತ್ತಿತ್ತು. ಬೆಳಕಿಗೆ ಚಾವಣಿಯ ತೂತಿನಿಂದ ಎಣ್ಣೆದೀಪ ಇಳಿಬಿಡುತ್ತಿದ್ದರು.

1864ರ ಜುಲೈನಲ್ಲಿ ಥಾಮಸ್ ಬ್ರಿಗ್ಸ್ ಎಂಬ ಬ್ಯಾಂಕ್ ಅಧಿಕಾರಿಯನ್ನು ಲಂಡನ್ನಿನಲ್ಲಿ ಮೊದಲ ದರ್ಜೆಯ ಇಂಥದೇ ಕೋಣೆಯಲ್ಲಿ ಹೊಡೆದು ಹೊರಗೆಸೆಯಲಾಯಿತು. ಬ್ರಿಟನ್ನಿನ ರೈಲಿನೊಳಗೆ ನಡೆದ ಮೊದಲ ಕೊಲೆ ಅದು. ಕೊಲೆಗಾರ ಫ್ರಾಂಝ್ ಮುಲ್ಲರ್ ಅಮೆರಿಕಕ್ಕೆ ಹಡಗು ಹತ್ತಿದರೂ ಸಿಕ್ಕಿಬಿದ್ದು ಗಲ್ಲಿಗೇರಿದ. ಆದರೆ ಜನರ ದಿಗಿಲು ಇಳಿಯಲಿಲ್ಲ. ಪಕ್ಕದ ಕೋಣೆ ಕಾಣುವಂತೆ ಗೋಡೆಯಲ್ಲಿ ಗುಂಡನೆಯ ಕಿಂಡಿ ಕೊರೆದರು. 1868ರ ಕಾಯಿದೆ ದೂರದ ರೈಲುಗಳಲ್ಲಿ ಪ್ರಯಾಣಿಕರು ಸಿಬ್ಬಂದಿಯನ್ನು ಎಚ್ಚರಿಸುವ ವ್ಯವಸ್ಥೆ ಇರಬೇಕೆಂದಿತು. ಇಂದು ನಾವು ಎಳೆಯುವ ಸರಪಳಿಯ ಪೂರ್ವಜ ಅದೇ. ಮೊದಮೊದಲು ಈ ಹಗ್ಗ ಡಬ್ಬಿಯ ಹೊರಗೆ ಚಾವಣಿಯ ಅಂಚಿನಲ್ಲಿತ್ತು. ಅಪಾಯದಲ್ಲಿದ್ದವರು ಕಿಟಕಿಯಿಂದ ಕೈ ಚಾಚಿ ಹುಡುಕಬೇಕಿತ್ತು!

ಒಂದು ಡಬ್ಬಿಯಿಂದ ಇನ್ನೊಂದಕ್ಕೆ ನಡೆದು ಹೋಗುವ ದಾರಿಯನ್ನು ಬ್ರಿಟನ್ನಿನಲ್ಲಿ ಮೊದಲು ಪಡೆದವಳು ವಿಕ್ಟೋರಿಯಾ ರಾಣಿ. 1869ರಲ್ಲಿ ಅವಳಿಗಾಗಿ ಕಟ್ಟಿದ ಜೋಡಿ ಡಬ್ಬಿಗಳ ನಡುವೆ ತಿದಿಯಂತೆ ಮಡಿಚಿಕೊಳ್ಳುವ ಸೇತುವೆ ಇತ್ತು. ರೈಲು ಓಡುವಾಗ ಅದನ್ನು ದಾಟಲು ರಾಣಿಗೇ ಇಷ್ಟವಿರಲಿಲ್ಲ ಎನ್ನುವುದು ಬೇರೆ ಮಾತು. ಪೂರ್ತಿ ಕಾರಿಡಾರ್ ಇರುವ ರೈಲನ್ನು ಗ್ರೇಟ್ ವೆಸ್ಟರ್ನ್ ಕಂಪನಿ ಜನರಿಗಾಗಿ ಓಡಿಸಿದ್ದು 1892ರಲ್ಲಿ.

ಮಿಡ್‌ಲ್ಯಾಂಡ್ ಕೊಟ್ಟ ಪೆಟ್ಟು

ಅಷ್ಟರಲ್ಲಿ ದೊಡ್ಡ ಬದಲಾವಣೆಯೊಂದು ಆಗಿಹೋಗಿತ್ತು. ಮಿಡ್‌ಲ್ಯಾಂಡ್ ರೈಲ್ವೆ ಕಂಪನಿಯ ಮುಖ್ಯಸ್ಥ ಜೇಮ್ಸ್ ಆಲ್‌ಪೋರ್ಟ್ 1872ರಲ್ಲಿ ತನ್ನ ಎಲ್ಲ ರೈಲುಗಳಿಗೂ ಮೂರನೇ ದರ್ಜೆಯವರನ್ನು ಹತ್ತಿಸಿಕೊಂಡ. 1875ರ ಜನವರಿಯಿಂದ ಎರಡನೇ ದರ್ಜೆಯನ್ನೇ ರದ್ದು ಮಾಡಿದ. ಎರಡನೇ ದರ್ಜೆಯ ಮೆತ್ತೆಯ ಆಸನಗಳು ಮೂರನೇ ದರ್ಜೆಯ ದರಕ್ಕೇ ಸಿಕ್ಕವು. ಉಳಿದ ಕಂಪನಿಗಳು ಕೂಗಾಡಿದವು. ಕೊನೆಗೆ ಗಿರಾಕಿ ಕೈತಪ್ಪುವ ಭಯದಿಂದ ಒಂದೊಂದಾಗಿ ಅದೇ ಹಾದಿ ಹಿಡಿದವು. ಹೀಗಾಗಿ ಬ್ರಿಟನ್ನಿನ ಬಹುಪಾಲು ರೈಲುಗಳಲ್ಲಿ ಒಂದು ಮತ್ತು ಮೂರನೇ ದರ್ಜೆ ಇದ್ದು, ಎರಡನೆಯದೇ ಇಲ್ಲವಾಯಿತು. ಈ ವಿಚಿತ್ರ ಎಣಿಕೆ ಸರಿಹೋಗಿ ಮೂರನೆಯದಕ್ಕೆ ‘ಎರಡನೇ ದರ್ಜೆ’ ಎಂಬ ಹೆಸರು ಬಂದದ್ದು 1956ರಲ್ಲಿ.

ಆಲ್‌ಪೋರ್ಟ್ ಅಮೆರಿಕದಿಂದ ಪುಲ್‌ಮನ್ ಡಬ್ಬಿಗಳನ್ನೂ ತರಿಸಿದ. 1874ರಲ್ಲಿ ಓಡತೊಡಗಿದ ಅವುಗಳ ಗುಟ್ಟು ಇದ್ದದ್ದು ಬೋಗಿಯಲ್ಲಿ. ನಾವು ಇಡೀ ಡಬ್ಬಿಯನ್ನೇ ಬೋಗಿ ಎಂದು ಕರೆಯುತ್ತೇವೆ. ನಿಜಕ್ಕೆ ಅದು ಡಬ್ಬಿಯ ಎರಡು ತುದಿಗಳ ಅಡಿಯಲ್ಲಿ ತಿರುಗಬಲ್ಲ ಚಕ್ರಗಳ ಚೌಕಟ್ಟಿನ ಹೆಸರು. ತಿರುವಿನಲ್ಲಿ ಚಕ್ರಗಳು ತಾವೇ ತಿರುಗಿಕೊಳ್ಳುವುದರಿಂದ ಉದ್ದನೆಯ ಡಬ್ಬಿ ಕಟ್ಟಬಹುದು, ಕುಲುಕಾಟವೂ ಕಡಿಮೆ.

ಮೆತ್ತನೆಯ ಸೀಟು, ಮೆದು ಗೋಡೆ

ಆದರೆ ಸುಖ ಹೆಚ್ಚಿದಲ್ಲೆಲ್ಲ ಸುರಕ್ಷತೆ ಹೆಚ್ಚಲಿಲ್ಲ. ಎಣ್ಣೆದೀಪದ ಬದಲು ಬಂದ ಗ್ಯಾಸ್ ದೀಪ ಪುಸ್ತಕ ಓದಲು ಅನುಕೂಲವಾಯಿತು. ಆ ಗ್ಯಾಸೇ 1915ರ ಮೇ 22ರಂದು ಸ್ಕಾಟ್ಲೆಂಡಿನ ಕ್ವಿಂಟಿನ್ಸ್‌ಹಿಲ್‌ನಲ್ಲಿ ರೈಲುಗಳು ಡಿಕ್ಕಿಯಾದಾಗ ಮರದ ಡಬ್ಬಿಗಳನ್ನು ಸುಟ್ಟಿತು. ಯುದ್ಧಕ್ಕೆ ಹೊರಟಿದ್ದ ಸೈನಿಕರೇ ಹೆಚ್ಚಾಗಿದ್ದ ಇನ್ನೂರಕ್ಕೂ ಮಿಕ್ಕಿ ಜನ ಸತ್ತರು.

ಇದೇ ಪಾಠ ಇನ್ನೊಮ್ಮೆ ಕಲಿಯಬೇಕಾಯಿತು. ರಾಷ್ಟ್ರೀಕರಣದ ನಂತರ 1951ರಲ್ಲಿ ಬಂದ ‘ಮಾರ್ಕ್ 1’ ಉಕ್ಕಿನ ಡಬ್ಬಿಗಳ ಸೀಟು ಆಳವಾದ ಸ್ಪ್ರಿಂಗಿನದು. ಅದನ್ನು ಹೊಗಳುವವರು ಇಂದಿಗೂ ಇದ್ದಾರೆ. ಆದರೆ ಒಡಲು ಬೇರೆ, ಕೆಳಗಿನ ಚೌಕಟ್ಟು ಬೇರೆ. ಜೋರಾಗಿ ಡಿಕ್ಕಿ ಹೊಡೆದರೆ ಒಂದರ ಚೌಕಟ್ಟು ಇನ್ನೊಂದರ ಒಡಲನ್ನು ಸೀಳುವ ಅಪಾಯವಿತ್ತು. 1988ರ ಡಿಸೆಂಬರ್ 12ರಂದು ಲಂಡನ್ನಿನ ಕ್ಲ್ಯಾಪಮ್ ಜಂಕ್ಷನ್ ಬಳಿ ಈ ಬಗೆಯ ಡಬ್ಬಿಗಳ ರೈಲುಗಳು ಡಿಕ್ಕಿಯಾಗಿ 35 ಜನ ಸತ್ತರು. ಅಪಘಾತಕ್ಕೆ ಕಾರಣ ಸಿಗ್ನಲ್ ತಂತಿಯ ದೋಷವಾದರೂ ಡಬ್ಬಿಗಳ ದೌರ್ಬಲ್ಯ ಎಲ್ಲರ ಕಣ್ಣಿಗೆ ಬಿತ್ತು. 2005ರ ಹೊತ್ತಿಗೆ ಮುಖ್ಯ ಮಾರ್ಗಗಳ ನಿತ್ಯ ಸೇವೆಯಿಂದ ಅವು ಮರೆಯಾದವು.

1976ರಲ್ಲಿ ಗಂಟೆಗೆ 125 ಮೈಲಿ ವೇಗದಲ್ಲಿ ಓಡತೊಡಗಿದ ‘ಮಾರ್ಕ್ 3’ ಡಬ್ಬಿಯಲ್ಲಿ ಒಡಲೂ ಚೌಕಟ್ಟೂ ಒಂದೇ. ಗಾಳಿ ತುಂಬಿದ ಸ್ಪ್ರಿಂಗುಗಳು ಕುಲುಕಾಟ ನುಂಗಿದವು. ಎರಡನೇ ದರ್ಜೆಗೂ ಹವಾನಿಯಂತ್ರಣ ಸಿಕ್ಕಿತು. ಸುಖ ಮತ್ತು ಸುರಕ್ಷತೆ ಕೊನೆಗೂ ಕೈಹಿಡಿದವು. ಒಂದು ಕೊರತೆ ಮಾತ್ರ ಉಳಿಯಿತು: ಕಿಟಕಿಗಳ ಅಳತೆ ಮೊದಲ ದರ್ಜೆಯ ಸೀಟುಗಳಿಗೆ ಹೊಂದುವಂಥದು. ಎರಡನೇ ದರ್ಜೆಯ ಕೆಲವರ ಪಾಲಿಗೆ ಬಂದದ್ದು ಕಿಟಕಿಗಳ ನಡುವಿನ ಗೋಡೆ.

2016ರಲ್ಲಿ ಥೇಮ್ಸ್‌ಲಿಂಕ್ ಮಾರ್ಗಕ್ಕೆ ಬಂದ ರೈಲುಗಳ ತೆಳುವಾದ ಗಡಸು ಸೀಟಿಗೆ ಲಂಡನ್ನಿನ ಪ್ರಯಾಣಿಕರು ‘ಇಸ್ತ್ರಿ ಮಾಡುವ ಹಲಗೆ’ ಎಂದು ಅಡ್ಡಹೆಸರಿಟ್ಟರು. ಗೊಣಗುವವರನ್ನು ಕಂಡು ನಗಬೇಕಿಲ್ಲ. ಚಾವಣಿ, ಮೆತ್ತೆ, ಸರಪಳಿ, ಗಟ್ಟಿ ಒಡಲು ಇವುಗಳಲ್ಲಿ ಯಾವುದೂ ಕೇಳದೆ ಬಂದದ್ದಲ್ಲ. ಕೆಲವಕ್ಕಂತೂ ಪ್ರಾಣದ ಬೆಲೆ ತೆರಬೇಕಾಯಿತು.