ಅಡುಗೆಮನೆಯ ಒಡೆದ ನೆಲ ಮತ್ತು ಅದರ ದುರಸ್ತಿ

ಮಹಾನಗರದ ವಸತಿಗೃಹಗಳಲ್ಲಿ ಅಡುಗೆಮನೆಯ ನೆಲದಷ್ಟು ದುಡಿಯುವ ನೆಲ ಮತ್ತೊಂದಿಲ್ಲ. ನೀರು, ಎಣ್ಣೆ, ಕೈತಪ್ಪಿ ಬೀಳುವ ಕುಕ್ಕರು, ಎಳೆದಾಡುವ ಗ್ಯಾಸ್ ಸಿಲಿಂಡರು, ಇವೆಲ್ಲದರ ಪೆಟ್ಟನ್ನೂ ಅದೇ ಸಹಿಸಬೇಕು. ಮಾಟುಂಗ, ಮುಲುಂಡ, ಡೊಂಬಿವಲಿಗಳ ಹಳೆಯ ಕಟ್ಟಡಗಳಲ್ಲಿ ದಶಕಗಳ ಹಿಂದೆ ಹಾಸಿದ ಮೊಸಾಯಿಕ್ ಬಿಲ್ಲೆಗಳು ಅಲ್ಲಲ್ಲಿ ಕುಸಿದು, ಬಿರಿದು, ಕಾಲಡಿಯಲ್ಲಿ ಅಲುಗಾಡುವುದುಂಟು. ಆಗ ಮನೆಯವರಿಗೆ ಸುಲಭವಾಗಿ ದೊರೆಯುವ ಸಲಹೆಯೆಂದರೆ, ಹಳೆಯದರ ಮೇಲೆಯೇ ಹೊಸ ಟೈಲ್ಸ್ ಅಂಟಿಸಿಬಿಡುವುದು. ಗಟ್ಟಿಯಾದ ನೆಲಕ್ಕೆ ಇದು ಒಪ್ಪುವ ಮಾತೇ. ಹಾಳಾದ ನೆಲಕ್ಕೆ ಮಾತ್ರ ರೋಗವನ್ನು ಮುಚ್ಚಿಟ್ಟಂತೆ.

ಬಿಲ್ಲೆ ಏಕೆ ಸಡಿಲವಾಯಿತೆಂಬುದನ್ನು ಮೊದಲು ತಿಳಿಯಬೇಕು. ಮರದ ಹಿಡಿಯಿಂದಲೋ ನಾಣ್ಯದಿಂದಲೋ ಒಂದೊಂದು ಬಿಲ್ಲೆಯನ್ನೂ ತಟ್ಟಿ ನೋಡಿರಿ. ಟೊಳ್ಳು ಸದ್ದು ಬಂದಲ್ಲಿ ಕೆಳಗಿನ ಗಾರೆ ಹಿಡಿತ ಬಿಟ್ಟಿದೆ ಎಂದರ್ಥ. ಅಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿರಿ. ಗುರುತುಗಳು ತೊಳೆಯುವ ಸಿಂಕಿನ ಅಥವಾ ನಹಾಣಿಯ ಸುತ್ತ ಗುಂಪುಗೂಡಿದ್ದರೆ ಕಾರಣ ಬಹುಮಟ್ಟಿಗೆ ನೀರು. ಸಂದೇಹವಿದ್ದರೆ ಬಿಲ್ಲೆ ತೆಗೆದ ಜಾಗದಲ್ಲಿ ಒಂದೂವರೆ ಅಡಿ ಚೌಕದ ಪಾಲಿಥಿನ್ ಹಾಳೆಯ ನಾಲ್ಕು ಅಂಚುಗಳನ್ನೂ ಪಟ್ಟಿಯಿಂದ ಅಂಟಿಸಿ ಒಂದು ಹಗಲು, ಒಂದು ರಾತ್ರಿ ಬಿಡಿರಿ. ಒಳಮೈಯಲ್ಲಿ ಹನಿ ಕಟ್ಟಿದರೆ ತಳದಲ್ಲಿ ತೇವವಿದೆ. ಕೊಳಾಯಿಯ ಸೋರಿಕೆಯನ್ನು ನಿಲ್ಲಿಸದೆ ಮೇಲೆ ಎಂಥ ದುಬಾರಿ ಕಲ್ಲು ಹಾಸಿದರೂ ಪ್ರಯೋಜನವಿಲ್ಲ. ತೇವದ ಆ ಟೊಳ್ಳುಗಳೇ ಜಿರಲೆಗಳಿಗೆ ಆಶ್ರಯ.

ಭಾರದ ವಿಷಯವನ್ನು ಗುತ್ತಿಗೆದಾರರು ಸಾಮಾನ್ಯವಾಗಿ ಎತ್ತುವುದಿಲ್ಲ. ಹತ್ತಡಿಗೆ ಎಂಟಡಿಯ ಅಡುಗೆಮನೆಯಲ್ಲಿ 30 ಮಿಲಿಮೀಟರ್ ಗಾರೆ ಹರಡಿ ಅದರ ಮೇಲೆ ಟೈಲ್ಸ್ ಹಾಸಿದರೆ ಸುಮಾರು 600 ಕಿಲೋಗ್ರಾಂ ಭಾರ ಚಾವಣಿಯ ಮೇಲೆ ಹೊಸದಾಗಿ ಕೂರುತ್ತದೆ. ಕಬ್ಬಿಣದ ಸರಳು ತುಕ್ಕು ಹಿಡಿದ ಹಳೆಯ ಕಟ್ಟಡದಲ್ಲಿ ಇದು ಅಲಕ್ಷಿಸುವ ಸಂಗತಿಯಲ್ಲ. ಅಂಥಲ್ಲಿ ಹಳೆಯದನ್ನು ತೆಗೆದೇ ಹೊಸದನ್ನು ಹಾಸಬೇಕು. ಸೊಸೈಟಿಯ ಅನುಮತಿಯನ್ನೂ ಇಂಜಿನಿಯರರ ಅಭಿಪ್ರಾಯವನ್ನೂ ಮೊದಲೇ ಪಡೆಯಬೇಕು.

ಕೆಲವೇ ಬಿಲ್ಲೆಗಳು ಕೆಟ್ಟಿದ್ದರೆ ಅವನ್ನಷ್ಟೇ ಎಬ್ಬಿಸಿ, ಕೆಳಗಿನ ಸಡಿಲ ಗಾರೆಯನ್ನು ಗಟ್ಟಿ ತಳ ಸಿಗುವವರೆಗೆ ಕೆತ್ತಿ, ಧೂಳನ್ನು ಗುಡಿಸಿ, ನೀರು ಚಿಮುಕಿಸಿರಿ. ತೆಳು ಸಿಮೆಂಟ್ ತಿಳಿಯನ್ನು ಬಳಿದು, ಅದು ಒಣಗುವ ಮುನ್ನವೇ ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳಿನ ಗಾರೆಯನ್ನು ಸುತ್ತಲಿನ ಮಟ್ಟಕ್ಕೆ ತುಂಬಿ, ಒಂದು ವಾರ ಹಸಿಯಾಗಿಡಿರಿ. ಈ ಒಂದು ವಾರವನ್ನು ಕದಿಯುವವರೇ ಹೆಚ್ಚು. ನಹಾಣಿಯ ಸುತ್ತ ಜಲನಿರೋಧಕ ಲೇಪನ ಹಚ್ಚಿ, ಒಣಗಿದ ಬಳಿಕ ಅಲ್ಲಿ ನೀರು ಕಟ್ಟಿ ನಿಲ್ಲಿಸಿ, 24 ಗಂಟೆಗಳ ನಂತರ ಕೆಳಮನೆಯವರ ಚಾವಣಿಯನ್ನು ನೋಡಿಬರುವುದು ನೆರೆಹೊರೆಯ ಸ್ನೇಹಕ್ಕೂ ಒಳ್ಳೆಯದು. ಉಳಿದ ಹಳೆಯ ಬಿಲ್ಲೆಗಳ ಜಿಡ್ಡನ್ನು ತೊಳೆದು, ನಯವಾದ ಮೈಯನ್ನು ಕೆರೆದು ಒರಟು ಮಾಡದಿದ್ದರೆ ಅಂಟು ಹಿಡಿಯದು. ಹೊಸ ಪದರದಿಂದ ನೆಲ ಅರ್ಧ ಅಂಗುಲದಷ್ಟು ಏರುವುದರಿಂದ ಬಾಗಿಲು ತಗಲುವುದೇ ಎಂದೂ ನೋಡಿಕೊಳ್ಳಿರಿ.

ಬಿಲ್ಲೆ, ಗಾರೆಗಳನ್ನು ಕೊಯ್ಯುವಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದರ ಸೂಕ್ಷ್ಮ ಕಣಗಳು ಪುಪ್ಪುಸಗಳ ಆಳಕ್ಕಿಳಿದು, ವರ್ಷಾನುಗಟ್ಟಲೆ ಈ ಕೆಲಸ ಮಾಡುವವರಲ್ಲಿ ಸಿಲಿಕೋಸಿಸ್ ಎಂಬ ಗುಣವಾಗದ ರೋಗವನ್ನು ತರುತ್ತವೆ. ಆದುದರಿಂದ ನೀರು ಹನಿಸುತ್ತಲೇ ಕೊಯ್ಯಬೇಕು. ಮೂಗಿಗೆ ಕಟ್ಟಿದ ಕರವಸ್ತ್ರ ಸಾಲದು. ಕೂಲಿಯವನಿಗೆ ಎನ್95 ಮುಖವಾಡವನ್ನೂ ರಬ್ಬರ್ ಕೈಚೀಲವನ್ನೂ ಮನೆಯವರೇ ಕೊಡಿಸಲಿ, ಏಕೆಂದರೆ ಹಸಿ ಸಿಮೆಂಟು ಚರ್ಮವನ್ನು ಸುಡುತ್ತದೆ. ಉಬ್ಬಸವುಳ್ಳವರನ್ನೂ ಮಕ್ಕಳನ್ನೂ ಆ ದಿನಗಳಲ್ಲಿ ಬೇರೆಡೆ ಇರಿಸುವುದು ಲೇಸು.

ಹೊಸ ಟೈಲ್ಸನ್ನು ಆರಿಸುವಾಗ ಹೊಳಪಿಗೆ ಮರುಳಾಗಬಾರದು. ಅಂಗಡಿಯಲ್ಲಿಯೇ ಅದರ ಮೇಲೆ ನೀರು ಚೆಲ್ಲಿ ಬೆರಳಾಡಿಸಿ ನೋಡಿರಿ. ಕುದಿಯುವ ಸಾರಿನ ಪಾತ್ರೆ ಹಿಡಿದು ಅದರ ಮೇಲೆ ನಡೆಯಬೇಕಾದವರು ಮನೆಯ ಹಿರಿಯ ಹೆಂಗಸರಾಗಿದ್ದರೆ ಒರಟು ಮೈಯ ಟೈಲ್ಸನ್ನೇ ತನ್ನಿರಿ. ಗೋಡೆಯ ಬುಡದಲ್ಲಿ ಸಣ್ಣ ಸಂದು ಬಿಡಿಸಿರಿ. ಬೇಸಿಗೆಯಲ್ಲಿ ಹಿಗ್ಗಿದ ನೆಲಕ್ಕೆ ಸರಿಯಲು ಅಷ್ಟು ಜಾಗ ಬೇಕು. ಅಂಚುಪಟ್ಟಿ ಅದನ್ನು ಮುಚ್ಚುತ್ತದೆ.